ಬಾಂಬರಿನವರಿಗೆ ಬಡಿಸಿದ ಊಟ

ಜುಲೈ ೨೯, ಮಂಗಳವಾರ. ದಾರ್ಸೈಟ್.

ಆ ಸ್ಮಾರಕದ ಕಲ್ಲಿನ ಮೇಲಿನ ಹೆಸರುಗಳು ಇನ್ನೂ ತಲೆಯೊಳಗೆ ಕೂತಿವೆ. ಭಾನುವಾರ ಸೈಟಿಗೆ ಕೆಲಸಕ್ಕೆ ಹೋಗುವಾಗ ಈ ಅರಬ್ ನಾಡಿನ ಕಡಲ ದಂಡೆಯಲ್ಲಿ ಕಂಡದ್ದು. ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬಾಂಬರ್ ವಿಮಾನವೊಂದು ಬಿದ್ದು ಅದರಲ್ಲಿದ್ದ ಐವರೂ ಸತ್ತರಂತೆ. ಎಲ್ಲರೂ ಇಪ್ಪತ್ತರ ಆಸುಪಾಸಿನ ಬಿಳಿಯ ಹುಡುಗರು. ಸುತ್ತ ಒಂದು ಆಡೂ ಇರಲಿಲ್ಲ.

ಈಗ ಆಟಿ ತಿಂಗಳು, ಊರಿನಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕಾಲ. ನಮ್ಮ ಮನೆಯ ಸತ್ತವರಿಗೆ ಅಣ್ಣ ಕಾರ್ಕಳದಲ್ಲಿ ಬಡಿಸುತ್ತಾನೆ. ಇವರಿಗೆ ಯಾರು? ಸಂಜೆ ರೂವಿ ಪೇಟೆಯಿಂದ ಬಾಳೆಎಲೆ ತಂದು, ಕೋಳಿ ಸಾರು ಮಾಡಿ, ಐದು ಎಲೆ ಹಾಕಿದೆ. ಫೋನಿನಲ್ಲಿ ಹೆಂಡತಿ ದಮಯಂತಿ ನಕ್ಕಳು: "ಬಿಳಿಯರಿಗೆ ಅಷ್ಟು ಖಾರ ಆಗ್ತದಾ? ಸ್ವಲ್ಪ ತೆಂಗಿನ ಹಾಲು ಹಾಕಿ." ಹಾಕಿದೆ.

ಸತ್ತವರು ಉಣ್ಣುವುದನ್ನು ನಾವು ನೋಡಬಾರದು ಎಂದು ಅಮ್ಮ ಹೇಳುತ್ತಿದ್ದಳು. ಬಡಿಸಿ, ಬಾಗಿಲು ಎಳೆದುಕೊಂಡು ಕಾರಿಡಾರಿನಲ್ಲಿ ನಿಂತೆ. ಎದುರು ಫ್ಲಾಟಿನ ಪಿಯುಸ್ ಬಂದ.

"ಎಂತ ದೂಮಪ್ಪಣ್ಣ, ಕೀ ಒಳಗೆ ಬಿಟ್ರಾ?"

"ಇಲ್ಲ ಮಾರಾಯ. ಒಳಗೆ ಊಟ ಮಾಡ್ತಾ ಇದ್ದಾರೆ."

"ಓ, ನೆಂಟರು ಬಂದಿದ್ದಾರಾ? ಒಳ್ಳೇದಾಯ್ತು. ನೀವು ಯಾವಾಗಲೂ ಒಬ್ಬರೇ ಅಲ್ವಾ!"

ಅವನು ತನ್ನ ಬಾಗಿಲು ತೆರೆದಾಗ ಮಕ್ಕಳ ಗಲಾಟೆ ಹೊರಗೆ ಬಂತು. ಮುಚ್ಚಿದಾಗ ನಿಂತಿತು.

ಮತ್ತೆ ಒಳಗೆ ಹೋಗುವ ಮುನ್ನ, ಉಣ್ಣುವವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತಟ್ಟಬೇಕು. ತಟ್ಟಿದೆ. ಇಷ್ಟು ವರ್ಷಗಳಲ್ಲಿ ನನ್ನ ಬಾಗಿಲನ್ನು ನಾನು ತಟ್ಟಿದ್ದು ಇದೇ ಮೊದಲು. ಹಿಡಿಕೆಯ ಮೇಲೆ ಕೈಯಿಟ್ಟು, ಒಳಗಿಂದ ಯಾರಾದರೂ "ಬನ್ನಿ" ಅಂದಾರೇನೋ ಎಂದು ಸುಮಾರು ಹೊತ್ತು ಕಾದೆ.