ನೀರುನಾಯಿಯ ಸಿನಿಮಾ ನೋಡಿ ಬಂದ ಮೇಲೆ

ಮಧುಕೇಶ್ವರಾ,

ಕೈಕಾಲು ತೊಳೆಯುವ ಮೊದಲು ಇದನ್ನು ಓದು. ರೊಟ್ಟಿ ಬುಟ್ಟಿಯಲ್ಲಿದೆ, ಆಮೇಲೆ ತಿಂದರಾಯಿತು.

ಇವತ್ತು ನೀಲಿಯನ್ನು ಶಿರಸಿಗೆ ಕರೆದೊಯ್ದು, ಬರೆದ ಚಿತ್ರಗಳೇ ಓಡಾಡುವ ಆ ಸಿನಿಮಾ ತೋರಿಸಿದೆ. ತಾಯಿ ಸತ್ತ ಮರಿ ನೀರುನಾಯಿ ಮೊದಲು ನೀರಿಗೇ ಇಳಿಯುವುದಿಲ್ಲ. ಕೊನೆಗೆ ಅಳುತ್ತಲೇ ಈಜುತ್ತದೆ. ನಡುವೆ ನಿನ್ನ ಮಗಳು ನನ್ನ ಸೆರಗು ಜಗ್ಗಿದಳು. "ಅಜ್ಜಿ, ನಮ್ಮವ್ವ ತವರಿಗೆ ಹೋಗಿಲ್ಲ. ಸತ್ತಾಳ, ಹೌದಿಲ್ಲೋ?"

ಆರು ತಿಂಗಳು ನಾವಿಬ್ಬರೂ ಹೇಳಿದ ಸುಳ್ಳು ಅಲ್ಲಿಗೆ ಮುಗಿಯಿತು. ಹೌದು ಎಂದೆ. ಜೋರಾಗಿ ಅತ್ತಳು. ಬಾಗಿಲು ಕಾಯುವವನು ನೀರು ತಂದುಕೊಟ್ಟು, "ಅಳಲಿ ಬಿಡ್ರೀ ಅವ್ವಾರ, ಯಾರೂ ಏನೂ ಅನ್ನಂಗಿಲ್ಲ" ಎಂದ. ಗೊಣಗುತ್ತಿದ್ದ ಹಿಂದಿನ ಬೆಂಚಿನವರನ್ನು ತಾನೇ ಎಬ್ಬಿಸಿ ಬೇರೆ ಕಡೆ ಕೂರಿಸಿದ.

ಸಿಟ್ಟಾಗಬೇಡ, ಕೇಳು! ಬಸ್ಸಿನಲ್ಲಿ ದಾಸನಕೊಪ್ಪದವರೆಗೂ ಅವ್ವನ ಮಾತೇ ಮಾತು. ಮನೆಗೆ ಬಂದವಳೇ ಎರಡು ರೊಟ್ಟಿ ತಿಂದಳು. ಎರಡು, ಮಧೂ! ಅರ್ಧ ರೊಟ್ಟಿ ತಿನ್ನಿಸಲು ನಾವು ಎಷ್ಟು ಹೆಣಗಿದ್ದೇವೆ! ಈಗ, ಅವ್ವನನ್ನು ಎಲ್ಲಿಟ್ಟಿದ್ದೀರಿ ತೋರಿಸು ಎಂದು ಹಟ ಹಿಡಿದಿದ್ದಾಳೆ. ಹಿತ್ತಿಲ ಸೇವಂತಿಗೆಯನ್ನೆಲ್ಲ ಕೊಯ್ದು ಉಡಿಯಲ್ಲಿ ತುಂಬಿಕೊಂಡಿದ್ದಾಳೆ. ಅವಳವ್ವ ದೇವಕ್ಕನ ಸಮಾಧಿಗೆ ಹೊರಟಿದ್ದೇವೆ.

ನೀನೂ ಬಾ. ಬರುವಾಗ ಒಂದು ತಂಬಿಗೆ ನೀರು ತಾ. ಮಗಳು ಏನಾದರೂ ಕೇಳಿದರೆ, ಎಂದಿನಂತೆ ಎದ್ದು ಎತ್ತಿನ ಕಡೆ ಹೋಗಬೇಡ.

"ಅಪ್ಪಗ ಅಳು ಬರೂದಿಲ್ಲೇನು ಅಜ್ಜಿ?" ಎಂದು ಬಸ್ಸಿನಲ್ಲಿ ಕೇಳಿದಳು. ಅಪ್ಪನನ್ನೇ ಕೇಳು ಎಂದೆ. ನೀನೇ ಬಂದು ಹೇಳು.

ಅವ್ವ