ನಿನ್ನಪ್ಪ ಕಸಿ ಕಟ್ಟಿದ ಕೊಂಬೆ

ಚೋರೊಲ್,

ಅಂಗಳಕ್ಕೆ ಹೋಗುವ ಮುಂಚೆ ಇದನ್ನು ಓದು. ಏಪ್ರಿಕಾಟ್ ಮರದ ದೊಡ್ಡ ಕೊಂಬೆಯನ್ನು ಕಡಿದುಬಿಟ್ಟೆ. ಹೌದು, ನಿನ್ನಪ್ಪ ಸಾಯುವ ಮುಂಚೆ ಕಸಿ ಕಟ್ಟಿದ್ದೇ, ಬಿಳಿ ಬೀಜದ ಹಣ್ಣಿನದು. ಉಳಿದವೆಲ್ಲ ಮೊಗ್ಗು ಬಿಟ್ಟರೂ ಅದು ಸುಮ್ಮನಿತ್ತು. ಒಣಗಿದೆ ಅಂದುಕೊಂಡೆ.

ನಮ್ಮ ನೀರಿನ ಸರದಿ ಮಧ್ಯಾಹ್ನ. ಕಾಲುವೆಯ ಬಾಯಿಗೆ ಇಟ್ಟ ಹುಲ್ಲುಹೆಂಟೆ ತೆಗೆದು ಮೊದಲು ಮರಕ್ಕೇ ಬಿಡು, ಬಾರ್ಲಿ ಆಮೇಲೆ. ಗಾಯಕ್ಕೆ ಸಗಣಿಮಣ್ಣು ಮೆತ್ತಿದ್ದೇನೆ. ಕತ್ತೆ ತೊಗಟೆ ಕೀಳದಂತೆ ನೋಡಿಕೋ.

ಕೊಂಬೆಯನ್ನು ದಯವಿಟ್ಟು ಒಲೆಗೆ ಹಾಕಬೇಡ. ಅದರ ಎಳೆ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚಳಿಗಾಲಕ್ಕೆ ಮೂಲಂಗಿ ಹೂತಿಡುವ ತಂಪು ಗುಂಡಿಯಲ್ಲಿಟ್ಟಿದ್ದೇನೆ. ಕಸಿ ಕಟ್ಟುವ ಮುತುಪ್ ಅಜ್ಜನನ್ನು ಕೆಳಗಿನ ಹಳ್ಳಿಯಿಂದ ಕರೆತರಲು ಹೊರಟೆ.

ಲೇಹ್‌ನಿಂದ ತಂದ ಸೋಲಾರಿಗೆ ಈಗ ಬೆಳಿಗ್ಗೆಯಿಂದಲೇ ಬಿಸಿಲು. ಬಿಸಿನೀರಿದೆ, ತಲೆಗೆ ಸ್ನಾನ ಮಾಡು.

'ಎಲೆ ಬರೋ ತನಕ ಕೊಡಲಿ ಮುಟ್ಬೇಡ ಮಾರಾಯ, ಮೊದ್ಲು ಉಗುರಲ್ಲಿ ಕೆರೆದು ನೋಡು' ಅಂತ ಮದುವೆಯಾದಾಗಿನಿಂದ ನೀನು ಎಷ್ಟು ಸಲ ಹೇಳಿದ್ದೆ.

ಒಣಗಿದೆ ಅಂತ ಮೇಲೆ ಬರೆದದ್ದು ಸುಳ್ಳು. ಸೋಲಾರಿನ ಮೇಲೆ ಅದರ ನೆರಳು ಬೀಳುತ್ತಿತ್ತು, ಅದಕ್ಕೇ ಕಡಿದೆ. ಕಡಿಯುವ ಮುಂಚೆ ಉಗುರಲ್ಲಿ ಕೆರೆದೂ ನೋಡಿದ್ದೆ, ಚೋರೊಲ್. ಒಳಗೆ ಹಸಿರಿತ್ತು.