ಸಾಸಿವೆ ಕರೆದ ಕಣಜ

ಮಾರ್ಚ್ 4, ಬೆಳಿಗ್ಗೆ 7
ನೀರು ಬಿಟ್ಟಾಯಿತು. ಮೂರನೇ ಸಾಲಿನ ಸಾಸಿವೆಗೆ ಮತ್ತೆ ಹುಳು. ಎಲೆಗೆ ಹತ್ತು ಹದಿನೈದು. ಬೀಜಕ್ಕೆಂದೇ ಬಿಟ್ಟ ಗಿಡಗಳು, ಈ ತಳಿ ಬೇರೆಲ್ಲೂ ಉಳಿದಿಲ್ಲ. ತೋಟದ ಯಜಮಾನರು ಬಗ್ಗಿ ನೋಡಿದರು. "ನಾಳೆ ಔಷಧಿ ಹೊಡೆದ್ಬಿಡಮ್ಮ."
ಹೂ ಬಿಟ್ಟಿದೆ. ಹೊಡೆದರೆ ಜೇನೂ ಸಾಯುತ್ತದೆ, ಬೀಜ ಕಟ್ಟುವುದು ಹೇಗೆ? ಹಾಗೆ ಕೇಳಲು ಬಾಯಿ ಬರಲಿಲ್ಲ. ತಲೆಯಾಡಿಸಿ ಬಂದೆ.

ಸಂಜೆ
ಅತ್ತಿಗೆಗೆ ಹೇಳಿದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಬಟ್ಟೆ ಮಡಚುತ್ತಲೇ ಪಾಠ ಶುರು. ಎಲೆಯನ್ನು ಕಡಿದಾಗಲೇ ಸಾಸಿವೆಯಲ್ಲಿ ಖಾರ ಹುಟ್ಟುವುದಂತೆ, ತಿನ್ನಲು ಬಂದವರನ್ನು ಓಡಿಸಲು.
"ಇವು ಯಾಕೆ ಓಡ್ತಿಲ್ಲ ಮತ್ತೆ?"
"ಇವಕ್ಕೆ ಖಾರ ಅರಗುತ್ತೆ ಕಣೇ. ಆಗ ಗಿಡ ಬೇರೆ ವಾಸನೆ ಬಿಡುತ್ತೆ. ಅದರ ಜಾಡು ಹಿಡಿದು ಸಣ್ಣ ಕಣಜ ಬಂದು ಹುಳದ ಮೈಯೊಳಗೇ ಮೊಟ್ಟೆ ಇಡುತ್ತೆ. ಮರಿಗಳು ಒಳಗಿಂದ್ಲೇ ತಿಂದು ಮುಗಿಸ್ತವೆ."
ಬಾಯಿಲ್ಲದ ಗಿಡ ಕೂಗಿ ಕರೆಯುತ್ತದೆ. ನಾನು ಬಾಯಿದ್ದೂ...

ಮಾರ್ಚ್ 5
ಔಷಧಿ ಬೇಡ, ಕಣಜ ಬರುತ್ತೆ ಅಂತ ಯಜಮಾನರಿಗೆ ಹೇಳಿಬಿಟ್ಟೆ. ಆರು ವರ್ಷದ ಕೆಲಸದಲ್ಲಿ ಮೊದಲ ಎದುರುಮಾತು. ದನಿ ನಡುಗಿತು. ಅವರು ಕನ್ನಡಕ ತೆಗೆದು ಒರೆಸಿದರು.
"ಹತ್ತು ದಿನ ಕೊಡ್ತೀನಿ. ತಳಿ ಕೈಬಿಟ್ಟು ಹೋದ್ರೆ ನೀನೇ ಉತ್ತರ ಹೇಳ್ಬೇಕು."

ಮಾರ್ಚ್ 8
ಕಣಜ ಕಾಣಲಿಲ್ಲ. ಮೂರನೇ ಸಾಲು ಜರಡಿ. ಊಟ ಸೇರಲಿಲ್ಲ.

ಮಾರ್ಚ್ 9, ಮಧ್ಯಾಹ್ನ
ಇವೆ. ಇರುವೆಗಿಂತ ಚಿಕ್ಕವು, ಕಪ್ಪು. ಮರಿಹುಳದ ಬೆನ್ನೇರಿ ಚುಚ್ಚುತ್ತಿವೆ. ಬಹುಶಃ ಮೊದಲೇ ಬಂದಿದ್ದವು, ನನಗೇ ಕಣ್ಣಿರಲಿಲ್ಲ.

ಮಾರ್ಚ್ 15
ಯಜಮಾನರು ಔಷಧಿ ಹೊಡೆಯುವ ಪಂಪು ಹೊತ್ತೇ ಬಂದರು. ನಾನು ಒಂದು ಎಲೆ ಮಗುಚಿ ಹಿಡಿದೆ. ಹುಳು ಸೊರಗಿ ಜೋತಿತ್ತು. ಪಕ್ಕದಲ್ಲಿ ಹಳದಿ ಗೂಡುಗಳ ಗೊಂಚಲು.
"ಇದು ಹುಳದ ಮೊಟ್ಟೆ ಅಲ್ವೇನಮ್ಮ?"
"ಅಲ್ಲ ಸರ್. ಕಣಜದ ಮರಿ ಹೊರಗೆ ಬಂದು ಗೂಡು ಕಟ್ಕೊಂಡಿವೆ. ಹುಳದ ಕಥೆ ಮುಗೀತು."
ಇನ್ನೂ ಹತ್ತಾರು ಎಲೆ ಮಗುಚಿದರು. ಆಮೇಲೆ ಪಂಪನ್ನು ಶೆಡ್ಡಿನೊಳಗಿಟ್ಟು ಬಂದರು.
ಮೂರನೇ ಸಾಲು ಹೋಯಿತು. ಉಳಿದ ಏಳು ಸಾಲು ನಿಂತಿವೆ, ಮೈತುಂಬ ಜೇನು. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ತಿಂದೆ. ಅತ್ತಿಗೆ ನಕ್ಕಳು.

ಮಾರ್ಚ್ 27, ಬೆಳಿಗ್ಗೆ 10
ಬೀಜ ಕೊಳ್ಳುವವರು ಬಂದಿದ್ದರು. ಯಜಮಾನರು ಮಗುಚಿದ ಬಕೆಟ್ಟಿನ ಮೇಲೆ ಕೂತು ಅವರಿಗೆ ಕಣಜದ ಪಾಠ ಮಾಡಿದರು. ಅರ್ಧ ತಪ್ಪು. ತಿದ್ದಿದೆ, ಈ ಸಲ ದನಿ ನಡುಗಲಿಲ್ಲ. "ಇವಳನ್ನೇ ಕೇಳಿ, ನಂಗೂ ಇವಳೇ ಹೇಳಿಕೊಟ್ಟಿದ್ದು" ಅಂದುಬಿಟ್ಟರು. ಮುಖ ಎಲ್ಲಿಡಲಿ.
ಐದನೇ ಸಾಲಲ್ಲಿ ಕಾಯಿ ಬಲಿತಿದೆಯಂತೆ. ಒಂದು ಬಿಡಿಸಿ ನೋಡಿ ಬಂದು ಬರೆಯುತ್ತೇನೆ, ಒಳಗೆ ಎಷ್ಟು ಬೀಜ ಕಟ್ಟಿದೆ ಅಂತ.